ಹೊಸೂರಿನ ಸಣ್ಣ ರೈಲು: ಬೆಂಗಳೂರಿಗೆ ಬೆನ್ನು ಮಾಡಿ ನಿಂತಿದ್ದ ಸ್ಟೇಷನ್ನು

ಹೊಸೂರಿನ ಹತ್ತಿರ, ಕೆಲಮಂಗಲದ ಕಡೆ, ನಮ್ಮ ಹೊಲದ ಪಕ್ಕದಲ್ಲಿ ಒಂದು ಉದ್ದನೆಯ ದಿಬ್ಬ ಇದೆ. ಚಿಕ್ಕವನಿದ್ದಾಗ ಅದನ್ನು ಕೆರೆ ಏರಿ ಅಂದುಕೊಂಡಿದ್ದೆ. ಆದರೆ ಏರಿ ಇತ್ತು, ಕೆರೆ ಇರಲಿಲ್ಲ. ಕೆರೆ ಎಲ್ಲಿ ಹೋಯಿತು ಅಂತ ಅಜ್ಜಿಯನ್ನು ಕೇಳಿದರೆ ನಕ್ಕುಬಿಟ್ಟಳು. "ಅದು ಕೆರೆ ಏರಿ ಅಲ್ಲ ಕಣಪ್ಪಾ, ಸಣ್ಣ ರೈಲಿನ ಏರಿ" ಅಂದಳು. ಮುದುಕಿ ಏನೋ ಕಥೆ ಕಟ್ಟುತ್ತಿದ್ದಾಳೆ ಅನ್ನಿಸಿತು. ಯಾಕೆಂದರೆ ಹೊಸೂರಿನಿಂದ ಸೇಲಂ ಕಡೆಗೆ ಹೋಗುವ ನಿಜವಾದ ರೈಲನ್ನು ನಾನು ನೋಡಿದ್ದೆ, ಹತ್ತಿದ್ದೆ, ಆ ಹಳಿ ಬೇರೆ ಕಡೆ ಇತ್ತು.

ಅಜ್ಜಿ ಹೇಳಿದ್ದು ನಿಜ. ಹೊಸೂರಿಗೆ ರೈಲು ಮೊದಲು ಬಂದದ್ದು 1913ರಲ್ಲಿ. ಈಗಿನ ಮಾರ್ಗ ಬಂದದ್ದು ಅದಕ್ಕೆ ಐವತ್ತು ವರ್ಷಕ್ಕೂ ಜಾಸ್ತಿ ಕಾಲ ಕಳೆದ ಮೇಲೆ, 1960ರ ದಶಕದ ಕೊನೆಯ ಹೊತ್ತಿಗೆ. ನಡುವೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಹಳೆಯ ಹಳಿ ಕಿತ್ತ ಮೇಲೆ, ಒಂದು ಇಡೀ ತಲೆಮಾರು ಹೊಸೂರಿನಲ್ಲಿ ರೈಲನ್ನೇ ನೋಡದೆ ಬೆಳೆಯಿತು. ಹಾಗಾಗಿ ನಮ್ಮಪ್ಪನ ವಯಸ್ಸಿನವರನ್ನು ಕೇಳಿದರೆ "ಹೊಸೂರಿಗೆ ರೈಲು ತಂದದ್ದು ನಮ್ಮ ಕಾಲದಲ್ಲಿ" ಅನ್ನುತ್ತಾರೆ. ಅಜ್ಜಿ ವಯಸ್ಸಿನವರು ಮಾತ್ರ "ವಾಪಸ್ ತಂದರು" ಅನ್ನುತ್ತಿದ್ದರು.

ಈ ಹಳೆಯ ಮಾರ್ಗ ಹುಟ್ಟಿದ್ದು, ಸತ್ತದ್ದು, ಅದರಲ್ಲಿ ಒಂದು ತುಂಡು ಮಾತ್ರ ಮತ್ತೆ ಹುಟ್ಟಿ ಬಂದದ್ದು, ಇದನ್ನೇ ಒಂದು ಪ್ರಕರಣ ಅಂತ ತಗೊಂಡು ನೋಡೋಣ ಅನ್ನಿಸಿತು. "ಯುದ್ಧಕ್ಕೆ ಹಳಿ ಕಿತ್ಕೊಂಡು ಹೋದರು, ಅಷ್ಟೇ" ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸುತ್ತಾರೆ. ಆ ಉತ್ತರ ಅರ್ಧ ಮಾತ್ರ ಸರಿ ಅಂತ ನನ್ನ ವಾದ.

ಬರದಿಂದ ಹುಟ್ಟಿದ ರೈಲು

ಮೊದಲು ಇದು ಯಾಕೆ ಬಂತು ಅಂತ ನೋಡಬೇಕು. ಆಗ ಹೊಸೂರು, ಧರ್ಮಪುರಿ, ಕೃಷ್ಣಗಿರಿ, ತಿರುಪತ್ತೂರು ಎಲ್ಲ ಸೇಲಂ ಜಿಲ್ಲೆಗೇ ಸೇರಿದ್ದವು. 1876ರಿಂದ 78ರವರೆಗೆ ಮದ್ರಾಸ್ ಪ್ರಾಂತ್ಯ, ಮೈಸೂರು ಸೀಮೆ ಎರಡನ್ನೂ ಹಿಂಡಿದ ದೊಡ್ಡ ಬರ ಈ ಜಿಲ್ಲೆಗೂ ಜೋರಾಗೇ ಬಡಿಯಿತು. ನಮ್ಮವರು ಅದನ್ನು ಧಾತು ಈಶ್ವರ ಬರ ಅಂದರು. ಅವು ಆ ಎರಡು ವರ್ಷಗಳ ಸಂವತ್ಸರದ ಹೆಸರು. ತಮಿಳರೂ ಅದನ್ನು ಧಾತು ವರ್ಷದ ಬರ ಅಂತಲೇ ಕರೆಯುತ್ತಾರೆ. ಒಂದೇ ಊರಿನಲ್ಲಿ ಮೂರು ಭಾಷೆ ಮಾತಾಡುವ ನಮ್ಮ ಕಡೆ ಹಸಿವಿಗೆ ಹೆಸರು ಮಾತ್ರ ಒಂದೇ.

ಆ ಬರದ ಮೇಲೆ ಸರ್ಕಾರ ಒಂದು ಆಯೋಗ ಮಾಡಿತು. ರಿಚರ್ಡ್ ಸ್ಟ್ರೇಚಿ ಅದರ ಅಧ್ಯಕ್ಷ, ವರದಿ ಬಂದದ್ದು 1880ರಲ್ಲಿ. ಒಂದು ಕಡೆ ಧಾನ್ಯ ಇದ್ದರೂ ಇನ್ನೊಂದು ಕಡೆ ಜನ ಸಾಯುವುದಕ್ಕೆ ಸಾಗಣೆ ಇಲ್ಲದಿರುವುದೂ ಒಂದು ಕಾರಣ ಅನ್ನುವುದು ಆಗ ಗಟ್ಟಿಯಾಗಿ ಕೂತಿತು. ಎತ್ತಿನ ಗಾಡಿಯ ಕಷ್ಟ ನೋಡಿ: ಬರ ಅಂದರೆ ದಾರಿಯಲ್ಲಿ ಮೇವೂ ಇಲ್ಲ, ನೀರೂ ಇಲ್ಲ. ಧಾನ್ಯ ತರಬೇಕಾದ ಎತ್ತೇ ಮೊದಲು ಸಾಯುತ್ತದೆ. ಹಾಗಾಗಿ ರೈಲು ಮಾರ್ಗಗಳಲ್ಲಿ ಎರಡು ಜಾತಿ ಆದವು. ಒಂದು, ಹಾಕಿದ ದುಡ್ಡು ವಾಪಸ್ ತರುವ ಮಾರ್ಗ. ಇನ್ನೊಂದು, ಲಾಭ ಬರದಿದ್ದರೂ ಬರಗಾಲಕ್ಕೆ ಇರಲಿ ಅಂತ ಹಾಕುವ ಮಾರ್ಗ, ಕ್ಷಾಮ ರಕ್ಷಣೆಯ ಮಾರ್ಗ.

ಸೇಲಂ ಜಿಲ್ಲೆಯಲ್ಲಿ ಈ ಎರಡನೇ ಜಾತಿಯ ಎರಡು ಮಾರ್ಗ ಬಂದವು. ತಿರುಪತ್ತೂರಿನಿಂದ ಕೃಷ್ಣಗಿರಿಗೆ 25 ಮೈಲಿಯದು, 1905ರಲ್ಲಿ. ಮೊರಪ್ಪೂರಿನಿಂದ ಧರ್ಮಪುರಿಗೆ 18 ಮೈಲಿಯದು, 1906ರಲ್ಲಿ. ತಿರುಪತ್ತೂರು, ಮೊರಪ್ಪೂರು ಎರಡೂ ಜೋಲಾರಪೇಟೆಯಿಂದ ಸೇಲಂಗೆ ಹೋಗುವ ದೊಡ್ಡ ಲೈನಿನ ಸ್ಟೇಷನ್‌ಗಳು. ಅಲ್ಲಿಂದ ಒಂದೊಂದು ಕೊಂಬೆ ಒಳನಾಡಿಗೆ ಚಾಚಿದ ಹಾಗೆ ಇವು. ಆಮೇಲೆ ಧರ್ಮಪುರಿಯ ಕೊಂಬೆಯನ್ನು ಪಾಲಕೋಡು, ರಾಯಕೋಟೆ ಕಡೆಯಿಂದ ಘಟ್ಟ ಹತ್ತಿಸಿ 1913ರಲ್ಲಿ ಹೊಸೂರಿಗೆ ಮುಟ್ಟಿಸಿದರು. ಒಟ್ಟು 73 ಮೈಲಿ, ಅಂದರೆ 117 ಕಿ.ಮೀ. ಆಸುಪಾಸು. ಓಡಿಸುತ್ತಿದ್ದದ್ದು ಮೊದಲು ಮದ್ರಾಸ್ ರೈಲ್ವೆ, 1908ರಿಂದ ಸೌತ್ ಇಂಡಿಯನ್ ರೈಲ್ವೆ.

ಎರಡು ಹಳಿಗಳ ನಡುವಿನ ಅಗಲ, ಅಂದರೆ ಗೇಜು, ಎರಡೂವರೆ ಅಡಿ, 762 ಮಿ.ಮೀ. ದೊಡ್ಡ ಲೈನಿನದು ಐದೂವರೆ ಅಡಿ, 1676 ಮಿ.ಮೀ. ಅಜ್ಜಿ "ಸಣ್ಣ ರೈಲು" ಅಂದದ್ದು ಸುಮ್ನೆ ಅಲ್ಲ. ಸಣ್ಣದು ಮಾಡಿದ್ದಕ್ಕೆ ಕಾರಣ ದುಡ್ಡು. ಅಗಲ ಕಡಿಮೆ ಆದರೆ ಹಳಿ ಹಗುರ ಸಾಕು, ಹಳಿಯಡಿ ಅಡ್ಡ ಹಾಕುವ ಸ್ಲೀಪರ್ ಗಿಡ್ಡ ಸಾಕು, ಏರಿಗೆ ಮಣ್ಣು ಕಡಿಮೆ, ತಿರುವು ಬಿಗಿಯಾಗಿ ಹಾಕಬಹುದು, ಗುಡ್ಡ ಕೊರೆಯುವ ಬದಲು ಸುತ್ತಿಕೊಂಡು ಹೋಗಬಹುದು. ಹೊಸೂರು ಪ್ರಸ್ಥಭೂಮಿಯ ಮೇಲಿದೆ, ಧರ್ಮಪುರಿ ಕೆಳಗೆ. ನಡುವೆ ರಾಯಕೋಟೆ ಕಡೆಯ ಗುಡ್ಡಗಳು. ಆ ಇಳಿಜಾರಿಗೆ ಸಣ್ಣ ಗೇಜು ಅಗ್ಗದ ಉಪಾಯ. ಬರಗಾಲಕ್ಕೆ ಅಂತ ಮಾಡುವ ಲೈನಿಗೆ ಅದಕ್ಕಿಂತ ಜಾಸ್ತಿ ಯಾರು ಸುರಿಯುತ್ತಾರೆ?

ಮೊರಪ್ಪೂರಿನಲ್ಲಿ ಮೂಟೆ ಇಳಿಸಿ ಏರಿಸುವ ಕೆಲಸ

ಅಗ್ಗದ್ದರ ಸಾಲ ತೀರಿಸುವುದು ಮೊರಪ್ಪೂರಿನಲ್ಲಿ.

ಹೊಸೂರಿನ ವ್ಯಾಪಾರಿಯೊಬ್ಬ ಹುಣಸೆಹಣ್ಣನ್ನೋ ಹುರುಳಿಯನ್ನೋ ಮದ್ರಾಸಿಗೆ ಕಳಿಸಬೇಕು ಅಂತಿಟ್ಟುಕೊಳ್ಳಿ. ಹಳ್ಳಿಯಲ್ಲಿ ಗಾಡಿಗೆ ಹೇರಬೇಕು. ಹೊಸೂರು ಸ್ಟೇಷನ್ನಿನಲ್ಲಿ ಗಾಡಿಯಿಂದ ಇಳಿಸಿ ಸಣ್ಣ ವ್ಯಾಗನ್ನಿಗೆ ಹಾಕಬೇಕು. ಮೊರಪ್ಪೂರಿನಲ್ಲಿ ಸಣ್ಣ ವ್ಯಾಗನ್ನು ದೊಡ್ಡ ಹಳಿಯ ಮೇಲೆ ಹೋಗುವುದಿಲ್ಲ. ಅಲ್ಲಿ ಹಮಾಲಿಗಳು ಪ್ರತಿ ಮೂಟೆಯನ್ನೂ ಹೊತ್ತು ದೊಡ್ಡ ವ್ಯಾಗನ್ನಿಗೆ ಸಾಗಿಸಬೇಕು. ದೊಡ್ಡ ವ್ಯಾಗನ್ನು ಸಿದ್ಧ ಇಲ್ಲದಿದ್ದರೆ ಮೂಟೆ ಪ್ಲಾಟ್‌ಫಾರಂ ಮೇಲೆ ಕಾಯಬೇಕು, ಮಳೆ ಬಂದರೆ ನೆನೆಯಬೇಕು, ಒಂದೆರಡು ಮೂಟೆ ಹೊಟ್ಟೆ ಹರಿದುಕೊಳ್ಳಬೇಕು. ಕೊನೆಗೆ ಮದ್ರಾಸಿನಲ್ಲಿ ಮತ್ತೆ ಇಳಿಸಿ ಗಾಡಿಗೆ. ಪ್ರತಿ ಸಲ ಕೂಲಿ, ಪ್ರತಿ ಸಲ ಸ್ವಲ್ಪ ನಷ್ಟ, ಪ್ರತಿ ಸಲ ತಡ. ಬರಗಾಲದಲ್ಲಿ ಇದು ದೊಡ್ಡ ವಿಷಯವಲ್ಲ, ಆಗ ಧಾನ್ಯ ಬಂದರೆ ಸಾಕು. ಆದರೆ ಬರ ಪ್ರತಿ ವರ್ಷವೂ ಬರುವುದಿಲ್ಲವಲ್ಲ. ಉಳಿದ ವರ್ಷಗಳಲ್ಲಿ ಈ ಲೈನು ವ್ಯಾಪಾರಿಗಳನ್ನು ನಂಬಿಕೊಂಡೇ ಬದುಕಬೇಕಿತ್ತು.

ಮೊದಮೊದಲು ನಾನೂ ಇಲ್ಲಿಗೇ ನಿಂತಿದ್ದೆ. ಗೇಜು ಸಣ್ಣದು, ಮೂಟೆ ಎರಡು ಸಲ ಹೊರಬೇಕು, ಅದಕ್ಕೇ ಲೈನು ಸತ್ತಿತು ಅಂತ. ಲೆಕ್ಕ ಸರಿಯಾಗಿ ಕೂಡಿತು ಅನ್ನಿಸಿತ್ತು.

ಆದರೆ ಕೋಲಾರದ ನೆನಪಾಯಿತು. ಬೌರಿಂಗ್‌ಪೇಟೆಯಿಂದ, ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಇದೇ ಎರಡೂವರೆ ಅಡಿಯ ಹಳಿ, ಅದೂ ಇದೇ 1913ರಲ್ಲಿ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಅದೇ ಗೇಜು, 1915ರಲ್ಲಿ. ಅವೆಲ್ಲ ಒಂದಕ್ಕೊಂದು ಸೇರಿಕೊಂಡು 1990ರ ದಶಕದವರೆಗೂ ಓಡಿದವು. ನನ್ನ ಸ್ನೇಹಿತರಲ್ಲೇ ಕೆಲವರು ಆ ರೈಲಿನಲ್ಲಿ ಕೂತವರಿದ್ದಾರೆ. ಅಲ್ಲಿಯೂ ಬಂಗಾರಪೇಟೆಯಲ್ಲಿ ಮೂಟೆ ಇಳಿಸಿ ಏರಿಸಬೇಕಿತ್ತು. ಅದೇ ವಯಸ್ಸು, ಅದೇ ಗೇಜು, ಅದೇ ಹಮಾಲಿ ತೊಂದರೆ. ಒಂದು ಎಂಬತ್ತು ವರ್ಷ ಬದುಕಿತು, ಇನ್ನೊಂದು ಮೂವತ್ತಕ್ಕೇ ಹೋಯಿತು. ಹಾಗಾದರೆ ಗೇಜೊಂದೇ ಕಾರಣ ಅಲ್ಲ ಅಲ್ವಾ?

ದಿಕ್ಕು

ಇಲ್ಲಿ ನಕ್ಷೆ ಬಿಡಿಸಿ ಕೂರಬೇಕು.

ಹೊಸೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ 40 ಕಿ.ಮೀ. ಈಗ ಟ್ರಾಫಿಕ್ಕಿನಿಂದ ಅದು ದೂರ ಅನ್ನಿಸುತ್ತದೆ, ಅದು ಬೇರೆ ಮಾತು. 1913ರಲ್ಲಿ ಹೊಸೂರು ಸ್ಟೇಷನ್ನಿಗೆ ಹೋಗಿ "ಬೆಂಗಳೂರಿಗೆ ಟಿಕೆಟ್ ಕೊಡಿ ಸ್ವಾಮಿ" ಅಂದರೆ ಏನಾಗುತ್ತಿತ್ತು? ರೈಲು ಬೆಂಗಳೂರಿಗೆ ಬೆನ್ನು ಮಾಡಿ ಹೊರಡುತ್ತಿತ್ತು. ರಾಯಕೋಟೆ, ಪಾಲಕೋಡು, ಧರ್ಮಪುರಿ ದಾಟಿ 117 ಕಿ.ಮೀ. ಹೋಗಿ ಮೊರಪ್ಪೂರು. ಅಲ್ಲಿ ಇಳಿದು ದೊಡ್ಡ ರೈಲು ಹತ್ತಿ ಜೋಲಾರಪೇಟೆ. ಅಲ್ಲಿಂದ ಮತ್ತೆ ಘಟ್ಟ ಹತ್ತಿ ಕುಪ್ಪಂ, ಬೌರಿಂಗ್‌ಪೇಟೆ, ಮಾಲೂರು ಮೇಲೆ ಬೆಂಗಳೂರು. ಒಟ್ಟು 300 ಕಿ.ಮೀ.ಗಿಂತ ಜಾಸ್ತಿ. ಹೊಸೂರಿನಲ್ಲಿ ನಿಂತು ಕಣ್ಣಿಗೆ ಕಾಣುವಷ್ಟು ಹತ್ತಿರದ ಊರಿಗೆ! ಯಾವ ಹುಚ್ಚನೂ ಹೋಗುತ್ತಿರಲಿಲ್ಲ, ಗಾಡಿ ಕಟ್ಟಿಕೊಂಡೇ ಹೋಗುತ್ತಿದ್ದರು.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದು. ಜೋಲಾರಪೇಟೆಯಿಂದ ಬೆಂಗಳೂರಿಗೆ ದೊಡ್ಡ ಲೈನು ಬಂದದ್ದು 1864ರಲ್ಲೇ. ಆ ಲೈನಿನ ಮಾಲೂರು ಸ್ಟೇಷನ್ನು ಹೊಸೂರಿನಿಂದ 40 ಕಿ.ಮೀ. ಒಳಗೇ ಇದೆ. ಸಂಜೆ ಗಾಡಿ ಕಟ್ಟಿದರೆ ಬೆಳಗಾಗುವುದರೊಳಗೆ ಮಾಲೂರು. ಅಲ್ಲಿ ಮೂಟೆಯನ್ನು ಒಂದೇ ಸಲ ದೊಡ್ಡ ವ್ಯಾಗನ್ನಿಗೆ ಹಾಕಿದರೆ ಮುಗಿಯಿತು, ಅದು ನೇರ ಮದ್ರಾಸಿನಲ್ಲೇ ಇಳಿಯುವುದು. ಅಂದರೆ ಹೊಸೂರಿಗೆ ರೈಲು ಬರುವುದಕ್ಕೆ ಐವತ್ತು ವರ್ಷ ಮೊದಲೇ ಹೊಸೂರಿನ ವ್ಯಾಪಾರಿಗೆ ಎಟಕುವಷ್ಟರಲ್ಲಿ ಒಂದು ಒಳ್ಳೆಯ ಸ್ಟೇಷನ್ ಇತ್ತು. ಹೊಸ ಸ್ಟೇಷನ್ನು ಬಂದದ್ದು ಅದಕ್ಕಿಂತ ಸುತ್ತು ದಾರಿ, ನಿಧಾನ, ಮೇಲೆ ಒಂದು ಹಮಾಲಿ ಕೂಲಿ ಬೇರೆ. ಮನೆ ಮುಂದೆ ಸ್ಟೇಷನ್ ಇದ್ದರೂ ಮಾಲೂರಿಗೇ ಗಾಡಿ ಕಟ್ಟುವ ವ್ಯಾಪಾರಿಯನ್ನು ದಡ್ಡ ಅನ್ನೋಕಾಗಲ್ಲ.

ಹಾಗಾದರೆ ಆ 40 ಕಿ.ಮೀ. ಹಳಿ ಯಾಕೆ ಹಾಕಲಿಲ್ಲ? ಗಡಿ. ಹೊಸೂರು ಮದ್ರಾಸ್ ಪ್ರಾಂತ್ಯ, ಅತ್ತಿಬೆಲೆ ಗಡಿ ದಾಟಿದರೆ ಮೈಸೂರು ಸಂಸ್ಥಾನ. ಮದ್ರಾಸ್ ಸರ್ಕಾರ ತನ್ನ ಜಿಲ್ಲೆಯ ಬರಕ್ಕೆ ತನ್ನ ಜಿಲ್ಲೆಯೊಳಗೆ ರೈಲು ಮಾಡಿತು. ಗಡಿಯಲ್ಲಿ ನಿಂತಿತು. ಮೈಸೂರಿನವರು ತಮ್ಮ ದುಡ್ಡಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಳಿ ಹಾಕಿಕೊಂಡರು. ಎರಡೂ ಕಡೆ ಒಂದೇ ಕಾಲದಲ್ಲಿ ಒಂದೇ ಗೇಜಿನ ಹಳಿ ಹಾಕುತ್ತಿದ್ದರು, ನಡುವೆ ಒಂದು ದಿನದ ನಡಿಗೆ ದೂರ ಮಾತ್ರ ಹಾಗೇ ಬಿಟ್ಟುಹೋಯಿತು. ಯಾರೋ ಬೇಕಂತಲೇ ಮಾಡಿದ್ದು ಅಂತ ನನಗೆ ಅನ್ನಿಸುವುದಿಲ್ಲ. ಆ ತುಂಡು ಯಾರ ಜವಾಬ್ದಾರಿಯೂ ಆಗಿರಲಿಲ್ಲ, ಅಷ್ಟೇ. ಗಡಿಯಲ್ಲಿ ಇರುವವರಿಗೆ ಇದು ಹೊಸದಲ್ಲ. ನಮ್ಮ ಬಸ್ಸುಗಳೂ ಶಾಲೆಗಳೂ ಇವತ್ತಿಗೂ ಇದೇ ಕಥೆ.

ಈ ಗಡಿಯಾದರೂ ಎಷ್ಟು ಹಳೆಯದು? 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನು, ಅಂದರೆ ಕೃಷ್ಣಗಿರಿ ಧರ್ಮಪುರಿ ಕಡೆಯನ್ನು, ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಹೊಸೂರು ಸೀಮೆ ಆಗಲೂ ಮೈಸೂರಿನಲ್ಲೇ ಉಳಿಯಿತು. ಅದು ಕೈಬಿಟ್ಟದ್ದು 1799ರಲ್ಲಿ. ಘಟ್ಟದ ಮೇಲಿನ ಸೀಮೆ ಅಂತ ಅದಕ್ಕೆ ಬಾಲಾಘಾಟ್ ಅಂದರು, ಸೇಲಂ ಜಿಲ್ಲೆಗೆ ಸೇರಿಸಿದರು. ಮಣ್ಣು, ಮಳೆ, ರಾಗಿ, ಮಾತು, ನೆಂಟಸ್ತನ ಎಲ್ಲ ಬೆಂಗಳೂರು ಕಡೆಯದು. ಕಚೇರಿ ಮಾತ್ರ ಘಟ್ಟದ ಕೆಳಗೆ ಸೇಲಂನಲ್ಲಿ. ಕೆಳಗೆ ಇಳಿದರೂ ಊರ ಹೆಸರುಗಳು ನಮ್ಮವೇ, ಮಾರಂಡಹಳ್ಳಿ ಅನ್ನೋ ಹೆಸರನ್ನು ಧರ್ಮಪುರಿ ತಮಿಳರೂ ಹಳ್ಳಿ ಅಂತಲೇ ಬರೆಯುತ್ತಾರೆ, ತಮಿಳು ಊರುಗಳ ಹಾಗೆ ಪಟ್ಟಿ ಅಂತ ಮಾಡಲಿಲ್ಲ. ನಮ್ಮ ಸಣ್ಣ ರೈಲು ಕಚೇರಿಯ ದಾರಿ ಹಿಡಿದಿತ್ತು. ಜನ ಸಂತೆಯ ದಾರಿ ಹಿಡಿದಿದ್ದರು.

ಬಸ್ಸು, ಮುಗ್ಗಟ್ಟು, ಯುದ್ಧ

ಮುಂದಿನದು ಬೇಗ ಹೇಳಬಹುದು. 1929ರ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಳೆಗೆ ಬೆಲೆ ಬಿತ್ತು, ಸರಕು ಸಾಗಣೆಯೂ ಬಿತ್ತು. ಅದೇ ಹೊತ್ತಿಗೆ ಮೋಟಾರು ಬಸ್ಸು, ಲಾರಿಗಳು ಬಂದವು. ದೇಶದ ತುಂಬ ರೈಲ್ವೆಯವರು ಬಸ್ಸಿನವರ ಮೇಲೆ ಗೋಳಾಡಲು ಶುರು ಮಾಡಿದರು. 1932-33ರಲ್ಲಿ ಮಿಚೆಲ್ ಮತ್ತು ಕಿರ್ಕ್‌ನೆಸ್ ಅನ್ನುವ ಇಬ್ಬರು ಅಧಿಕಾರಿಗಳು ರಸ್ತೆ ರೈಲು ಪೈಪೋಟಿ ಬಗ್ಗೆ ವರದಿ ಕೊಟ್ಟರು. 1937ರಲ್ಲಿ ರಾಲ್ಫ್ ವೆಜ್‌ವುಡ್ ಸಮಿತಿ ಇದನ್ನೇ ಮತ್ತೆ ಹೇಳಿತು. 1939ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. ದೊಡ್ಡ ಲೈನುಗಳಿಗೇ ಇಷ್ಟು ಬಿಸಿ ತಟ್ಟಿದ್ದರೆ, ಬಸ್ಸಿಗಿಂತ ನಿಧಾನ ಹೋಗುವ ಸಣ್ಣ ರೈಲಿನ ಗತಿ ಏನು? ಬಸ್ಸು ಊರ ಬಾಗಿಲಲ್ಲೇ ಹತ್ತಿಸಿಕೊಳ್ಳುತ್ತದೆ. ಹೊಸೂರಿನ ಬಸ್ಸು ಬೆಂಗಳೂರು ಕಡೆಗೂ ಹೋಗುತ್ತದೆ, ಗಡಿಯಲ್ಲಿ ಗೇಜು ಬದಲಾಗುವುದಿಲ್ಲ. ಅಜ್ಜಿ ಹೇಳುತ್ತಿದ್ದಳು, ಅವಳ ಅಣ್ಣ ಹುಡುಗಾಟಕ್ಕೆ ಸೈಕಲ್ ಹತ್ತಿ ರೈಲಿನ ಜೊತೆ ಓಡಿಸುತ್ತಿದ್ದನಂತೆ, ಏರು ಬಂದ ಕಡೆ ಅವನೇ ಗೆಲ್ಲುತ್ತಿದ್ದನಂತೆ. ಇದರಲ್ಲಿ ಅಣ್ಣನ ಮೇಲಿನ ಪ್ರೀತಿ ಎಷ್ಟು, ನಿಜ ಎಷ್ಟು ಅಂತ ಓದುವವರೇ ಲೆಕ್ಕ ಹಾಕಿಕೊಳ್ಳಿ.

ಆಮೇಲೆ ಎರಡನೇ ಮಹಾಯುದ್ಧ. ಯುದ್ಧಕ್ಕೆ ಉಕ್ಕು ಬೇಕು, ಹಳಿ ಬೇಕು, ಎಂಜಿನ್ ಬೇಕು. ಹೊಸ ಹಳಿ ಬೇಗ ಸಿಗುವುದಿಲ್ಲ. ಹಾಗಾಗಿ ಲಾಭವಿಲ್ಲದ ಕೊಂಬೆ ಲೈನುಗಳನ್ನು ಪಟ್ಟಿ ಮಾಡಿ ಕಿತ್ತರು. 1941ರ ಸುಮಾರಿಗೆ ನಮ್ಮ ಲೈನಿನ ಆಟವೂ ಮುಗಿಯಿತು, ಕೃಷ್ಣಗಿರಿಯದ್ದೂ ಮುಗಿಯಿತು.

ಇಲ್ಲೇ ಜನ ತಪ್ಪುವುದು. "ಯಾಕೆ ಕಿತ್ತರು" ಅನ್ನುವುದು ಒಂದು ಪ್ರಶ್ನೆ. "ಯಾಕೆ ವಾಪಸ್ ಹಾಕಲಿಲ್ಲ" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಯುದ್ಧ ಅನ್ನುವ ಉತ್ತರ ಸರಿ. ಎರಡನೆಯದಕ್ಕೆ ಆ ಉತ್ತರ ಸಾಲದು. ಕೇರಳದ ಶೋರನೂರು ನಿಲಂಬೂರು ಲೈನನ್ನೂ ಇದೇ 1941ರಲ್ಲಿ ಕಿತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ 1954ರ ಹೊತ್ತಿಗೆ ಅಲ್ಲಿ ಮತ್ತೆ ಹಳಿ ಬಿತ್ತು, ಇವತ್ತಿಗೂ ಓಡುತ್ತಿದೆ. ಅದು ಶೋರನೂರಿನ ದೊಡ್ಡ ಲೈನಿನದೇ ಗೇಜು, ವ್ಯಾಗನ್ನು ನೇರ ಹೋಗುತ್ತದೆ. ಆ ಕಡೆ ಜನ ಹೋಗಬೇಕಾದ ದಿಕ್ಕೂ ಅದೇ. ನಮ್ಮ ಲೈನಿಗೆ ಎರಡೂ ಇರಲಿಲ್ಲ.

ನನ್ನ ವಾದಕ್ಕೆ ಎದುರಾಗುವ ಒಂದು ಮಾತನ್ನೂ ಹೇಳಿಬಿಡಬೇಕು. ಕೋಲಾರದ ಲೈನು ಉಳಿದದ್ದಕ್ಕೆ ಅದು ಮೈಸೂರು ಸಂಸ್ಥಾನದ್ದು ಅನ್ನುವುದೂ ಕಾರಣ ಇರಬಹುದು. ಮದ್ರಾಸ್ ಪ್ರಾಂತ್ಯದ ಹಳಿಯ ಮೇಲೆ ಇಂಗ್ಲಿಷರು ಕೈ ಹಾಕಿದಷ್ಟು ಸಲೀಸಾಗಿ ಮಹಾರಾಜರ ಹಳಿಯ ಮೇಲೆ ಹಾಕಲು ಆಗುತ್ತಿರಲಿಲ್ಲವೇನೋ. ಇದನ್ನು ತಳ್ಳಿಹಾಕಲಾರೆ. ಆದರೂ ಅದು ಮೊದಲ ಪ್ರಶ್ನೆಗೆ ಮಾತ್ರ ಉತ್ತರ, ಎರಡನೆಯದಕ್ಕಲ್ಲ.

ವಾಪಸ್ ಬಂದದ್ದು ಯಾವ ತುಂಡು

ಎರಡನೆಯ ಪ್ರಶ್ನೆಗೆ ಉತ್ತರ ಈಗಿನ ರೈಲ್ವೆ ನಕ್ಷೆಯಲ್ಲೇ ಇದೆ. ಹಳೆಯ ಎರಡು ಲೈನನ್ನು ಮೂರು ತುಂಡು ಅಂದುಕೊಳ್ಳಿ: ಹೊಸೂರಿನಿಂದ ಧರ್ಮಪುರಿ, ಧರ್ಮಪುರಿಯಿಂದ ಮೊರಪ್ಪೂರು, ತಿರುಪತ್ತೂರಿನಿಂದ ಕೃಷ್ಣಗಿರಿ.

ಮೊದಲನೆಯ ತುಂಡು ವಾಪಸ್ ಬಂತು. 1956ರಲ್ಲಿ ರಾಜ್ಯಗಳು ಹೊಸದಾಗಿ ಆದವು, ಸಂಸ್ಥಾನದ ಗಡಿ ಹೋಗಿ ರಾಜ್ಯದ ಗಡಿ ಉಳಿಯಿತು, ರೈಲ್ವೆ ಮಾತ್ರ ಇಡೀ ದೇಶಕ್ಕೆ ಒಂದೇ ಆಗಿತ್ತು. ಅದಾದ ಮೇಲೆ ಬೆಂಗಳೂರಿನಿಂದ ಹೊಸೂರು, ಧರ್ಮಪುರಿ ಮೇಲೆ ಸೇಲಂಗೆ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ, ಲೈನು ಹಾಕಿದರು. ಕೆಲಮಂಗಲ, ಪೆರಿಯನಾಗತುಣೈ, ರಾಯಕೋಟೆ, ಮಾರಂಡಹಳ್ಳಿ, ಪಾಲಕೋಡು ಅಂತ ಸ್ಟೇಷನ್ನುಗಳ ಸಾಲು. ಈ ಸಲ ಆ 40 ಕಿ.ಮೀ. ಬಿಟ್ಟುಹೋಗಲಿಲ್ಲ. ಹೊಸೂರು ಕೊನೆಯ ಸ್ಟೇಷನ್ ಆಗಿದ್ದದ್ದು ದಾರಿಯ ಮಧ್ಯದ ಸ್ಟೇಷನ್ ಆಯಿತು. 1990ರ ದಶಕದಲ್ಲಿ ಅದು ದೊಡ್ಡ ಗೇಜೂ ಆಯಿತು. ಅಷ್ಟರಲ್ಲಿ ಹೊಸೂರಿಗೆ ಸಿಪ್ಕಾಟ್, ಅಂದರೆ ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶ, ಬಂದು ಫ್ಯಾಕ್ಟರಿಗಳ ಊರಾಗಿತ್ತು. ಫ್ಯಾಕ್ಟರಿಗಳು ಬಂದದ್ದು ರೈಲಿನಿಂದ ಅಂತ ನಾನು ಹೇಳುತ್ತಿಲ್ಲ, ಅವು ಬಂದದ್ದು ಮುಖ್ಯವಾಗಿ ಬೆಂಗಳೂರು ಪಕ್ಕದಲ್ಲಿದೆ ಅಂತ. ಆದರೆ ಅದೇ ಮಾತು ರೈಲಿಗೂ ಅನ್ವಯಿಸುತ್ತದೆ.

ಎರಡನೆಯ ತುಂಡು, ಧರ್ಮಪುರಿ ಮೊರಪ್ಪೂರು, ಎಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಬರೀ ಬೇಡಿಕೆಯಾಗಿ ಉಳಿಯಿತು. ಚುನಾವಣೆ ಬಂದಾಗೆಲ್ಲ ಭಾಷಣದಲ್ಲಿ ಬರುತ್ತಿತ್ತು, ಹೋಗುತ್ತಿತ್ತು. ಕೊನೆಗೆ 2016-17ರಲ್ಲಿ 36 ಕಿ.ಮೀ. ಹೊಸ ಲೈನಿಗೆ ಮಂಜೂರಾತಿ ಸಿಕ್ಕಿತು, 2019ರಲ್ಲಿ ಶಂಕುಸ್ಥಾಪನೆ ಆಯಿತು. 1906ರಲ್ಲಿ ಇದೇ ಎರಡು ಊರುಗಳ ನಡುವೆ ಹಳಿ ಇದ್ದದ್ದು 18 ಮೈಲಿ, ಅಂದರೆ 29 ಕಿ.ಮೀ. ಬಿಗಿ ತಿರುವಿಗೆ ಒಪ್ಪುವ ಸಣ್ಣ ರೈಲಿಗೂ, ಅಗಲವಾಗಿ ತಿರುಗಬೇಕಾದ ದೊಡ್ಡ ರೈಲಿಗೂ ಒಂದೇ ದಾರಿ ಆಗುವುದಿಲ್ಲ. ಹಳೆಯ ಏರಿ ಇದೆಯಲ್ಲ, ಅದರ ಮೇಲೇ ಹಳಿ ಹಾಕಿದರೆ ಆಯಿತಲ್ಲ ಅಂತ ಕೇಳುವವರಿಗೆ ಇದನ್ನು ಹೇಳಬೇಕಾಗುತ್ತದೆ.

ಮೂರನೆಯದು ಕೃಷ್ಣಗಿರಿ. 2004ರಿಂದ ಅದೇ ಒಂದು ಜಿಲ್ಲಾ ಕೇಂದ್ರ. ಮಾವಿನ ಹಣ್ಣಿಗೆ ಹೆಸರಾದ ಊರು. ದೊಡ್ಡ ದೊಡ್ಡ ಹೆದ್ದಾರಿಗಳು ಅಲ್ಲಿ ಸೇರುತ್ತವೆ. 1905ರಲ್ಲಿ ರೈಲು ಇದ್ದ ಊರಿಗೆ ಅದನ್ನು ಕಿತ್ತ ಮೇಲೆ ರೈಲು ಬರಲಿಲ್ಲ. ಕೃಷ್ಣಗಿರಿಗೆ ಮೊನ್ನೆ ಮದುವೆಗೆ ಹೋಗಿದ್ದಾಗ ಅಲ್ಲಿನ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. "ನಿಮ್ಮೂರಿಗೆ ಬಂತು, ನಮ್ಮೂರಿಗೆ ಯಾಕೆ ಬರಲಿಲ್ಲ ಹೇಳಿ" ಅಂತ ನನ್ನನ್ನೇ ಕೇಳಿದರು, ನಾನೇ ಕಿತ್ತುಕೊಂಡು ಬಂದವನ ಹಾಗೆ. ಬೆಂಗಳೂರು ಸೇಲಂ ನಡುವೆ ನೇರ ಗೆರೆ ಎಳೆದರೆ ನಮ್ಮ ಊರುಗಳು ಅದರ ಮೇಲೆ ಬೀಳುತ್ತವೆ, ನಿಮ್ಮದು ಪಕ್ಕಕ್ಕೆ ಉಳಿಯುತ್ತದೆ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಆಗಬೇಕಾಗಿಯೂ ಇಲ್ಲ.

ದೊಡ್ಡ ಎರಡು ಊರುಗಳನ್ನು ಸೇರಿಸುವ ದಾರಿಯ ಮೇಲೆ ಬಿದ್ದ ತುಂಡು ಬದುಕಿತು, ಒಳನಾಡಿಗೆ ಚಾಚಿ ಅಲ್ಲೇ ನಿಂತ ತುಂಡುಗಳು ಕಾಯುತ್ತಾ ಕೂತವು. ಯುದ್ಧ ಮೂರನ್ನೂ ಒಂದೇ ಸಮ ಕಿತ್ತಿತ್ತು.

ಏರಿಯನ್ನು ಗುರುತು ಹಿಡಿಯುವುದು

ಇಂಥ ಹಳೆಯ ಲೈನನ್ನು ಹುಡುಕಬೇಕು ಅನ್ನುವವರಿಗೆ ನನ್ನ ಅನುಭವದಿಂದ ಸ್ವಲ್ಪ ಹೇಳುತ್ತೇನೆ.

ಮೊದಲನೆಯದು ತಿರುವು. ಗಾಡಿ ದಾರಿ ಹೊಲದ ಮೂಲೆಗೆ ಬಂದರೆ ಪಟಕ್ಕನೆ ತಿರುಗುತ್ತದೆ, ಬಂಡೆ ಬಂದರೆ ಸುತ್ತುತ್ತದೆ, ಮರ ಬಂದರೆ ಪಕ್ಕಕ್ಕೆ ಸರಿಯುತ್ತದೆ. ರೈಲಿನ ದಾರಿ ಹಾಗೆ ಮಾಡುವುದಿಲ್ಲ. ಎಷ್ಟೇ ಸಣ್ಣ ಗೇಜಾದರೂ ಅದರ ತಿರುವು ಬಳೆಯ ತುಂಡಿನ ಹಾಗೆ ಒಂದೇ ಸಮ ಬಾಗಿರುತ್ತದೆ. ಎರಡನೆಯದು ಮಟ್ಟ. ನೆಲ ಏರಿಳಿದರೂ ರೈಲಿನ ದಾರಿ ಮಟ್ಟ ಬಿಡುವುದಿಲ್ಲ, ತಗ್ಗಿನಲ್ಲಿ ಏರಿ ಕಟ್ಟಿರುತ್ತದೆ, ದಿಣ್ಣೆಯಲ್ಲಿ ಕೊರೆದು ಒಳಗೆ ಇಳಿದಿರುತ್ತದೆ. ನಮ್ಮ ಹೊಲದ ಪಕ್ಕದ್ದು ಹೀಗೆಯೇ, ಒಂದು ಕಡೆ ಎದೆಯೆತ್ತರ, ಸ್ವಲ್ಪ ಮುಂದೆ ಹೋದರೆ ನೆಲಕ್ಕೆ ಸಮ, ಇನ್ನೂ ಮುಂದೆ ಹೋದರೆ ಸಣ್ಣ ಕಾಲುವೆಯ ಹಾಗೆ ಕೆಳಗೆ. ಕೆರೆ ಏರಿ ಯಾವತ್ತೂ ಹಾಗಿರುವುದಿಲ್ಲ ಅನ್ನುವುದು ಚಿಕ್ಕವನಿದ್ದಾಗ ನನಗೆ ಹೊಳೆಯಲೇ ಇಲ್ಲ. ಮೂರನೆಯದು ಮೋರಿ. ಹಳ್ಳ ಇಲ್ಲದ ಕಡೆಯೂ ಚಿಕ್ಕ ಕಲ್ಲಿನ ಮೋರಿ ಇದ್ದರೆ, ಅದೂ ಕಲ್ಲುಗಳನ್ನು ಚೌಕಾಗಿ ಕೆತ್ತಿ ಕೂರಿಸಿದ್ದರೆ, ಅದನ್ನು ಹೊಲದವನು ಕಟ್ಟಿದ್ದಲ್ಲ ಅಂತ ಧೈರ್ಯವಾಗಿ ಹೇಳಬಹುದು. ಮಳೆ ನೀರು ಏರಿಗೆ ಬಡಿದು ನಿಲ್ಲಬಾರದು ಅಂತ ರೈಲಿನವರು ಅಲ್ಲಲ್ಲಿ ದಾರಿ ಬಿಡುತ್ತಿದ್ದರು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಾಗದದಲ್ಲಿದೆ. ತಮಿಳುನಾಡಿನ ಜಮೀನು ದಾಖಲೆಯಲ್ಲಿ ಯಾರ ಹೆಸರಿಗೂ ಪಟ್ಟಾ ಇಲ್ಲದ ಸರ್ಕಾರಿ ನೆಲಕ್ಕೆ ಪೊರಂಬೋಕು ಅನ್ನುತ್ತಾರೆ. ಕೆರೆ ಪೊರಂಬೋಕು, ದಾರಿ ಪೊರಂಬೋಕು ಇರುವ ಹಾಗೆ ರೈಲ್ವೆ ಪೊರಂಬೋಕೂ ಇರುತ್ತದೆ. ಗ್ರಾಮ ನಕ್ಷೆಯಲ್ಲಿ ಹೊಲಗಳ ಚೌಕಗಳ ನಡುವೆ ಹಾವಿನ ಹಾಗೆ ಒಂದು ಸಪೂರ ಪಟ್ಟಿ ಹರಿದಿದ್ದರೆ, ಎರಡೂ ಪಕ್ಕದ ಹೊಲಗಳ ಅಂಚು ಅದರಿಂದ ಕತ್ತರಿಸಿದ ಹಾಗೆ ಇದ್ದರೆ, ಅಲ್ಲಿ ನಿಂತು ನೋಡಬೇಕು. ನಾನು ಇದನ್ನು ಕೇಳಿಕೊಂಡು ಒಂದು ಕಚೇರಿಗೆ ಮೂರು ಸಲ ಹೋದೆ. ಮೊದಲ ಸಲ ಸಾಹೇಬರು ರಜೆ. ಎರಡನೇ ಸಲ ಗುಮಾಸ್ತರು "ಇಲ್ಲಿ ರೈಲು ಇದ್ದದ್ದು ನಿಮಗೆ ಯಾರು ಹೇಳಿದರು" ಅಂತ ತಮಿಳಿನಲ್ಲಿ ಕೇಳಿ ನಕ್ಕರು. ಮೂರನೇ ಸಲ ಬೇರೆ ಗುಮಾಸ್ತರು ಇದ್ದರು, ನಕ್ಷೆ ತೆಗೆದು ಮೇಜಿನ ಮೇಲೆ ಹಾಸಿದರು, ಬೆರಳಿಟ್ಟು ನೋಡುತ್ತಾ ಹೋದರು, ಆಮೇಲೆ ತಮ್ಮಷ್ಟಕ್ಕೆ ತಾವೇ "ಅಡೇ" ಅಂದರು. ಅವರಿಗೂ ಗೊತ್ತಿರಲಿಲ್ಲ.

ನಮ್ಮ ತಾತನ ಹೊಲ ಒಂದೇ ಹೊಲವಾಗಿದ್ದದ್ದು ನಕ್ಷೆಯಲ್ಲಿ ಎರಡು ತುಂಡು. ನಡುವೆ ಆ ಪಟ್ಟಿ. ಅಪ್ಪ ಎರಡು ತುಂಡಿಗೂ ಬೇರೆ ಬೇರೆ ರಸೀದಿ ಇಟ್ಟುಕೊಂಡಿದ್ದಾರೆ. ನಡುವಿನ ಏರಿಯ ಮೇಲೆ ಹುರುಳಿ ಬಿತ್ತುತ್ತಾರೆ, ಜಲ್ಲಿ ಜಾಸ್ತಿ ಅಂತ ಬೇರೇನೂ ಬರುವುದಿಲ್ಲ. ಅದಕ್ಕೆ ಪಟ್ಟಾ ಇಲ್ಲ ಅಂತ ಹೇಳಿದರೆ, "ರೈಲು ಬಂದಾಗ ಬಿಟ್ಟುಕೊಡ್ತೀನಿ ಬಿಡು" ಅನ್ನುತ್ತಾರೆ.